ಫಾದರ್ ಅಗಸ್ಟಸ್ ಮುಲ್ಲರ್: ಬಡವರ ಮಕ್ಕಳ ವೈದ್ಯ

ಹಳೆಯ ಇಗರ್ಜಿಗಳ ದಫ್ತರಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಬರೆದ ಹೆಸರು ವರ್ಷವೊಂದು ತುಂಬುವ ಮೊದಲೇ ಮರಣದ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳುವುದು ಅಂದು ಅಪರೂಪವಾಗಿರಲಿಲ್ಲ. ಜ್ವರ, ಭೇದಿ, ದಡಾರ, ನಾಯಿಕೆಮ್ಮು, ಸಿಡುಬುಗಳು ನಮ್ಮ ಹಿರಿಯರ ತೊಟ್ಟಿಲುಗಳನ್ನು ಬರಿದು ಮಾಡುತ್ತಿದ್ದುವು. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಅಂತಹ ಕಾಲದಲ್ಲಿ ಬಡವರ ಮನೆಯ ಕಾಯಿಲೆಯನ್ನು ತನ್ನದೆಂದು ಭಾವಿಸಿದ ಗುರುವೊಬ್ಬರನ್ನು ನೆನೆಯುವುದು ಉಚಿತವೆಂದು ನಮಗೆ ತೋರಿತು. ಅವರೇ ಕಂಕನಾಡಿಯ ಫಾದರ್ ಮುಲ್ಲರ್.

ಅಗಸ್ಟಸ್ ಮುಲ್ಲರರು 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ ಜನಿಸಿದರು. ಯೌವನದಲ್ಲಿ ಯೇಸುಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. 1878ರಲ್ಲಿ ಮಂಗಳೂರು ಮಿಷನ್ ಯೇಸುಸಭೆಯವರ ಕೈಗೆ ಬಂದಾಗ, ಆ ವರ್ಷದ ಕೊನೆಯ ದಿನ ಇಲ್ಲಿಗೆ ಕಾಲಿಟ್ಟ ಮೊದಲ ತಂಡದಲ್ಲಿ ಅವರೂ ಇದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅಧ್ಯಾಪಕರಾದರು. ಹೀಗೆ ಅವರಿಗೆ ನೇಮಿಸಿದ್ದ ಕೆಲಸ ಪಾಠ ಹೇಳುವುದಾಗಿತ್ತು. ವೈದ್ಯಕೀಯವು ಅವರಿಗೆ ಪ್ರೀತಿಯಿಂದ ಕಲಿತ ವಿದ್ಯೆಯಾಗಿತ್ತು.

ಮೊದಲು ತಮ್ಮ ವಿದ್ಯಾರ್ಥಿಗಳಿಗೆ ಹೋಮಿಯೋಪಥಿ ಗುಳಿಗೆಗಳನ್ನು ಕೊಡುತ್ತಿದ್ದ ಅವರಲ್ಲಿಗೆ ಹೊರಗಿನ ಬಡವರೂ ಬರತೊಡಗಿದರು. 1880ರಲ್ಲಿಯೇ ಬಡವರ ಔಷಧಾಲಯವೊಂದು ತಲೆಯೆತ್ತಿತು. ಕಂಕನಾಡಿಯ ಆಲದ ಮರದ ನೆರಳಿನಲ್ಲಿ ಆರಂಭವಾದ ಈ ಸೇವೆಯನ್ನು ಮಂಗಳೂರಿನ ಜನ ಇಂದಿಗೂ ಸ್ಮರಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಇಲ್ಲಿಂದ ಔಷಧಿಯ ಪೊಟ್ಟಣಗಳು ಅಂಚೆಯ ಮೂಲಕ ಭಾರತದ ಮೂಲೆಮೂಲೆಗೂ ಹೋಗತೊಡಗಿದುವು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಸಿಹಿ ಗುಳಿಗೆಗಳಿಗೆ ರೋಗವನ್ನು ಗುಣಪಡಿಸುವ ಶಕ್ತಿಯುಂಟೆಂದು ಇಂದಿನ ವಿಜ್ಞಾನದ ಪರೀಕ್ಷೆಗಳು ಸ್ಥಿರಪಡಿಸಿಲ್ಲ. ಹಾಗಾದರೆ ಫಾದರ್ ಮುಲ್ಲರರ ಶ್ರಮ ವ್ಯರ್ಥವಾಯಿತೇ? ಇಲ್ಲವೆಂದೇ ನಮ್ಮ ಉತ್ತರ. ಆ ಕಾಲದ ಇತರ ಚಿಕಿತ್ಸೆಗಳಲ್ಲಿ ಪಾದರಸದ ಔಷಧಿಯೂ ಉಗ್ರವಾದ ವಿರೇಚನವೂ ಸೇರಿದ್ದುವು. ಬಳಲಿದ ಮಗುವಿಗೆ ಅವು ರೋಗಕ್ಕಿಂತಲೂ ಕ್ರೂರವಾಗುತ್ತಿದ್ದುವು. ಮೆದುವಾದ ಗುಳಿಗೆ ಅಂತಹ ಹಾನಿಯನ್ನು ಮಾಡುತ್ತಿರಲಿಲ್ಲ. ಇನ್ನು, ರೋಗಿಯ ನಿದ್ರೆ, ಬಾಯಾರಿಕೆ, ಹಸಿವು, ಬೆವರುಗಳನ್ನೆಲ್ಲ ಸಾವಧಾನವಾಗಿ ವಿಚಾರಿಸುವುದು ಆ ಪದ್ಧತಿಯ ಕ್ರಮ. ಹಣವಿಲ್ಲದವನ ಮಾತನ್ನು ಕುಳಿತು ಆಲಿಸುವವರೇ ಇಲ್ಲದ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಅವರು ಗುಳಿಗೆಯಲ್ಲಿಯೇ ನಿಂತುಬಿಡಲಿಲ್ಲ. ಗುಳಿಗೆ ಕೊಟ್ಟು ಮನೆಗೆ ಕಳುಹಿಸಲಾಗದ ರೋಗಿಗಳು ಕಣ್ಣಿಗೆ ಬಿದ್ದಾಗ ಅವರಿಗಾಗಿ ಆಶ್ರಯವನ್ನು ಕಟ್ಟಿದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ತೆರೆದರು. 1902ರಲ್ಲಿ ಪ್ಲೇಗು ಮಂಗಳೂರನ್ನು ನಡುಗಿಸಿದಾಗ ಆ ರೋಗಿಗಳಿಗೂ ಬಾಗಿಲು ತೆರೆಯಿತು. ಔಷಧಾಲಯದ ಪಕ್ಕದಲ್ಲಿ ಆಸ್ಪತ್ರೆ ಬೆಳೆಯಿತು. ಮೂವತ್ತೊಂದು ವರ್ಷಗಳಿಗೂ ಮಿಕ್ಕಿ ಈ ನೆಲದಲ್ಲಿ ದುಡಿದು, 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಫಾದರ್ ಮುಲ್ಲರರು ಪರಮಪಿತನ ಸನ್ನಿಧಿಗೆ ತೆರಳಿದರು. ಅವರು ನೆಟ್ಟ ಸಸಿ ಮಂಗಳೂರು ಧರ್ಮಪ್ರಾಂತ್ಯದ ಆಶ್ರಯದಲ್ಲಿ ಹೆಮ್ಮರವಾಗಿ, 1999ರಲ್ಲಿ ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಆರಂಭವಾಯಿತು.

ಅವರ ಬಾಳಿನಿಂದ ಮಿಜಾರಿನ ತಾಯಂದಿರು ಕಲಿಯಬೇಕಾದುದು ಯಾವುದು? ಮನೆಯ ಆರೈಕೆಗೆ ಬಗ್ಗುವ ಕಾಯಿಲೆ ಯಾವುದು, ಆಸ್ಪತ್ರೆಗೆ ಒಯ್ಯಬೇಕಾದ ಕಾಯಿಲೆ ಯಾವುದು ಎಂಬ ವಿವೇಕ. ಸಾಧಾರಣ ಶೀತ, ಕೆಮ್ಮುಗಳು ಬಹುಮಟ್ಟಿಗೆ ತಾವಾಗಿಯೇ ಇಳಿಯುತ್ತವೆ. ಅದಕ್ಕೆ ಬಲವಾದ ಮಾತ್ರೆಗಳನ್ನು ಬೇಡುವುದು ಸಲ್ಲದು. ಆದರೆ ಕೆಮ್ಮಿನೊಂದಿಗೆ ಉಸಿರು ವೇಗವಾದರೆ ಎಚ್ಚರ ಬೇಕು. ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕೆ ಮೇಲ್ಪಟ್ಟರೆ ಅದು ನ್ಯೂಮೋನಿಯಾದ ಸೂಚನೆಯಾಗಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಹೆಚ್ಚಾಗಿ ದೇಹದ ನೀರು ಬತ್ತುವಿಕೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬಿಸ್ ಎಂಬವರು ಸಕ್ಕರೆ ಉಪ್ಪುಗಳ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಔಷಧಾಲಯದ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಬಹುದು. ಚಹಾದ ಚಮಚವೇ ಅಳತೆ. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಮಗು ಕುಡಿಯಲಾರದಾದರೆ, ಕುಡಿದುದೆಲ್ಲ ವಾಂತಿಯಾದರೆ, ಅಪಸ್ಮಾರದಂತೆ ಸೆಳೆತ ಬಂದರೆ, ಮಂಕಾಗಿ ಎಚ್ಚರಗೊಳ್ಳದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಯೇ ಗತಿ. ಎರಡು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೂ ಹಾಗೆಯೇ.

ಲಸಿಕೆಯ ಮಾತನ್ನು ಮರೆಯುವಂತಿಲ್ಲ. ಸಿಡುಬು ಭೂಮಿಯಿಂದಲೇ ಅಳಿದುಹೋಯಿತೆಂದು 1980ರಲ್ಲಿ ಘೋಷಿಸಲಾಯಿತು. ಪೋಲಿಯೋ ರೋಗದಿಂದ ಭಾರತವು ಮುಕ್ತವೆಂದು 2014ರಲ್ಲಿ ಸಾರಲಾಯಿತು. ಇವು ಅದೃಷ್ಟದಿಂದ ಬಂದ ಫಲಗಳಲ್ಲ. ತಾಯಂದಿರು ತೋಳಿನಲ್ಲಿ ಮಗುವನ್ನೆತ್ತಿಕೊಂಡು ಸಾಲಿನಲ್ಲಿ ನಿಂತುದರ ಫಲ.

ಕಾಯಿಲೆಯ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕೆಂದು ನಮ್ಮಲ್ಲಿಗೆ ಬರುವವರುಂಟು. ನಾವು ಸಂತೋಷದಿಂದ ಪ್ರಾರ್ಥಿಸುತ್ತೇವೆ. ಆದರೆ ಮಗು ಏದುಸಿರು ಬಿಡುತ್ತಿದ್ದರೆ, ಆಶೀರ್ವಾದ ಚಿಕ್ಕದಾಗಲಿ, ವಾಹನ ಬೇಗನೆ ಹೊರಡಲಿ ಎನ್ನುತ್ತೇವೆ. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದಕ್ಕೊಂದು ಶತ್ರುಗಳಲ್ಲವೆಂಬುದಕ್ಕೆ, ಪೂಜೆಯ ಪೀಠದಿಂದ ರೋಗಿಗಳ ಬಳಿಗೆ ನಡೆದುಹೋದ ಫಾದರ್ ಮುಲ್ಲರರೇ ಸಾಕ್ಷಿ. ಅವರು ತಮಗೆ ತಿಳಿದ ಔಷಧಿಯಿಂದ ಆರಂಭಿಸಿ, ತಮ್ಮ ಕಾಲದ ಅಗತ್ಯ ಕರೆದಲ್ಲಿಗೆ ಮುಂದೆ ಸಾಗಿದರು. ನಮ್ಮ ಕಾಲಕ್ಕೆ ತಿಳಿದಿರುವುದು ಇನ್ನೂ ಹೆಚ್ಚು. ಆದುದರಿಂದ ನಮ್ಮ ಹೊಣೆಯೂ ಹೆಚ್ಚು. ಈ ಇಗರ್ಜಿಯ ಎರಡನೆಯ ಶತಮಾನದಲ್ಲಿ ಜ್ಞಾನಸ್ನಾನದ ಪುಸ್ತಕದಲ್ಲಿ ಬರೆದ ಒಂದೊಂದು ಹೆಸರೂ ವಿವಾಹದ ಪುಸ್ತಕದವರೆಗೆ ಸುಖವಾಗಿ ಬಾಳಿ ಬರಲೆಂದು ದೇವರಲ್ಲಿ ಬೇಡುತ್ತೇವೆ.