ಎಡ್ವಿನ್ ಜಾನ್ ಬಟ್ಲರ್

ಸರ್ ಎಡ್ವಿನ್ ಜಾನ್ ಬಟ್ಲರ್ (ಆಗಸ್ಟ್ 13, 1874 – ಏಪ್ರಿಲ್ 4, 1943) ಐರ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞರು. ಭಾರತದಲ್ಲಿ ಶಿಲೀಂಧ್ರಶಾಸ್ತ್ರ ಮತ್ತು ಸಸ್ಯರೋಗಶಾಸ್ತ್ರಗಳ ಪಿತಾಮಹರೆಂದು ಅವರನ್ನು ಗುರುತಿಸಲಾಗುತ್ತದೆ. ಕರ್ನಾಟಕದ ಮಟ್ಟಿಗೆ ಅವರ ಹೆಸರು ಅಡಿಕೆಯ ಕೊಳೆರೋಗದೊಂದಿಗೆ ಸೇರಿಕೊಂಡಿದೆ. ಬೇರಿನೊಳಗೆ ನೆಲೆಸಿ ಸಸ್ಯಕ್ಕೆ ನೆರವಾಗುವ ಮೈಕೊರೈಜಾ ಶಿಲೀಂಧ್ರಗಳ ವರ್ಗೀಕರಣದಲ್ಲಿ ಅವರು ಮಾಡಿದ ಕೆಲಸ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಆರಂಭಿಕ ಜೀವನ

ಬಟ್ಲರ್ ಕ್ಲೇರ್ ಕೌಂಟಿಯ ಕಿಲ್ಕೀಯಲ್ಲಿ ಜನಿಸಿದರು. ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಓದಿ 1898ರಲ್ಲಿ ವೈದ್ಯಕೀಯ ಪದವಿ ಪಡೆದರೂ, ಅಧ್ಯಾಪಕ ಮಾರ್ಕಸ್ ಹಾರ್ಟೋಗ್ ಅವರ ಪ್ರಭಾವದಿಂದ ನೀರಿನಲ್ಲಿ ಬೆಳೆಯುವ ಬೂಷ್ಟುಗಳ ಅಧ್ಯಯನದತ್ತ ಹೊರಳಿದರು.

ಭಾರತದಲ್ಲಿ

1901ರಲ್ಲಿ ಕಲ್ಕತ್ತೆಗೆ ಬಂದ ಬಟ್ಲರ್, ಮುಂದೆ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸಾಮ್ರಾಜ್ಯದ ಶಿಲೀಂಧ್ರಶಾಸ್ತ್ರಜ್ಞರಾದರು. ಪಿಥಿಯಂ ಕುಲವನ್ನು ಕುರಿತ ಅವರ ಪ್ರೌಢ ಕೃತಿ 1907ರಲ್ಲಿಯೂ, ಸಸ್ಯರೋಗಗಳ ಪಠ್ಯಗ್ರಂಥ 1918ರಲ್ಲಿಯೂ ಪ್ರಕಟವಾದವು. ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ 1906ರಲ್ಲಿ ಬರೆದಾಗ ಮೈಸೂರು ಸಂಸ್ಥಾನದ ಅಡಿಕೆ ಕೊಳೆರೋಗವನ್ನೂ ವಿವರಿಸಿದರು. ಇದರ ಬೆನ್ನಿಗೆ ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ರೋಗಕಾರಕವನ್ನು ಫೈಟಾಫ್ತೊರದ ಒಂದು ಪ್ರಭೇದವೆಂದು ವಿಸ್ತಾರವಾಗಿ ವರ್ಣಿಸಿದರು.

ಮೈಕೊರೈಜಾ ವರ್ಗೀಕರಣ

ಅರಸೀಕೆರೆಯ ತೆಂಗು, ಬೇಲೂರಿನ ಕಾಫಿ ಮತ್ತು ಮೆಣಸು, ಹಳೇಬೀಡಿನ ಹೊಲಗಳ ರಾಗಿ, ಮಲೆನಾಡಿನ ಅಡಿಕೆ ಇವೆಲ್ಲವುಗಳ ಬೇರಿನಲ್ಲಿಯೂ ಒಂದೇ ಬಗೆಯ ಶಿಲೀಂಧ್ರಗಳು ವಾಸಿಸುತ್ತವೆ. ಅವು ಮಣ್ಣಿನ ರಂಜಕವನ್ನು ಗಿಡಕ್ಕೆ ಒದಗಿಸಿ ಪ್ರತಿಯಾಗಿ ಗಿಡದ ಸಕ್ಕರೆಯನ್ನು ಪಡೆಯುತ್ತವೆ. ಜೀವಂತ ಬೇರಿಲ್ಲದೆ ಇವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಹುಕಾಲ ಸಾಧ್ಯವಾಗಿರಲಿಲ್ಲ. ಲೈಂಗಿಕ ಬೀಜಕಗಳೂ ಕಾಣಸಿಗದ ಕಾರಣ ಇವುಗಳ ಕುಲಗೋತ್ರವನ್ನು ನಿರ್ಣಯಿಸುವುದು ಬಹುಕಾಲ ಕಗ್ಗಂಟಾಗಿತ್ತು.

1939ರ ಲೇಖನದಲ್ಲಿ ಬಟ್ಲರ್, ಬೇರಿನೊಳಗಿನ ಕೋಶಿಕೆಗಳು, ಪೊದೆಯಂತೆ ಕವಲೊಡೆದ ಎಳೆಗಳು ಮತ್ತು ಅಡ್ಡಗೋಡೆ ವಿರಳವಾದ ತಂತುಗಳ ರೂಪಲಕ್ಷಣಗಳನ್ನು ತೂಗಿನೋಡಿದರು. ಇಟಲಿಯ ಪೆಯ್ರೊನೆಲ್ 1923ರಲ್ಲಿ ಸೂಚಿಸಿದ್ದಂತೆ ಇವು ಎಂಡೊಗೊನೇಸಿ ಕುಟುಂಬದ ಬಂಧುಗಳೆಂಬ ನಿಲುವಿಗೆ ಬಂದು, ಡಾಂಜಾರ್ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟಿದ್ದ ರೈಜೊಫೇಗಸ್ ಎಂಬ ಹೆಸರನ್ನು ಬಳಕೆಗೆ ತಂದರು. ಪಿಥಿಯಂ ಕುಲವನ್ನು ಚೆನ್ನಾಗಿ ಬಲ್ಲವರಿಂದ ಈ ತೀರ್ಮಾನ ಬಂದದ್ದು ಗಮನಾರ್ಹ. ಬೇರಿನ ಈ ನಿವಾಸಿ ಪಿಥಿಯಂ ಎಂಬ ವಾದ 1950ರ ದಶಕದಲ್ಲಿಯೂ ಕೇಳಿಬಂದಿತ್ತು.

ಅಂದಿನ ಪದ್ಧತಿಯಂತೆ ಅಡಿಕೆ ಗೊನೆಯನ್ನು ಕೊಳೆಸುವ ಫೈಟಾಫ್ತೊರ ಹಾಗೂ ಅದೇ ಮರದ ಬೇರನ್ನು ಪೋಷಿಸುವ ಶಿಲೀಂಧ್ರ ಎರಡೂ ಫೈಕೊಮೈಸೀಟ್ಸ್ ಎಂಬ ಒಂದೇ ವರ್ಗದಲ್ಲಿದ್ದವು. ವಂಶವಾಹಿಗಳ ಪುರಾವೆ ಈ ಚಿತ್ರವನ್ನು ಬದಲಿಸಿತು. ಫೈಟಾಫ್ತೊರ ಮತ್ತು ಪಿಥಿಯಂಗಳು ನಿಜವಾದ ಶಿಲೀಂಧ್ರಗಳೇ ಅಲ್ಲ, ಕಂದು ಪಾಚಿಗಳ ದೂರದ ನೆಂಟರು ಎಂಬುದು ದೃಢಪಟ್ಟಿತು. 2001ರಲ್ಲಿ ಶುಸ್ಲರ್, ಶ್ವಾರ್ಜಾಟ್ ಮತ್ತು ವಾಕರ್ ಅವರು ರೈಬೊಸೋಮಿನ ಆರ್‌ಎನ್‌ಎ ವಂಶವಾಹಿಯನ್ನು ಹೋಲಿಸಿ, ಬಟ್ಲರ್ ಅಧ್ಯಯನ ಮಾಡಿದ ಗುಂಪಿಗೆ ಗ್ಲೊಮೆರೊಮೈಕೋಟ ಎಂಬ ಪ್ರತ್ಯೇಕ ವಿಭಾಗವನ್ನು ರಚಿಸಿದರು. ಆ ಲೆಕ್ಕದಲ್ಲಿ ಎಂಡೊಗೊನೇಸಿಯ ನಂಟು ಕಳಚಿತು. ಆದರೆ 2016ರ ವರ್ಗೀಕರಣ ಇವೆರಡನ್ನೂ ಮ್ಯೂಕೊರೊಮೈಕೋಟ ಎಂಬ ಒಂದೇ ವಿಭಾಗದ ಕೆಳಗೆ ತಂದಿತು. ಆದ್ದರಿಂದ ಬಟ್ಲರ್ ಅವರ ನಿರ್ಣಯವನ್ನು ಪೂರ್ತಿ ತಪ್ಪೆನ್ನಲಾಗದು.

ರೈಜೊಫೇಗಸ್ ಎಂಬ ಹೆಸರಿಗೆ 2010ರಲ್ಲಿ ಮರುಜೀವ ದೊರೆಯಿತು. ಗ್ಲೋಮಸ್ ಇಂಟ್ರಾರಾಡಿಸೀಸ್ ಎಂದು ಕರೆಯಲಾಗುತ್ತಿದ್ದ, ಪ್ರಯೋಗಾಲಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ತಳಿಯು ಬೇರೊಂದು ಪ್ರಭೇದವೆಂದು ಡಿಎನ್‌ಎ ಪರೀಕ್ಷೆ ತೋರಿಸಿದ್ದು, ಈಗ ಅದು ರೈಜೊಫೇಗಸ್ ಇರೆಗ್ಯುಲಾರಿಸ್ ಆಗಿದೆ. ಡಾಂಜಾರ್ ಕಂಡದ್ದು ಮೈಕೊರೈಜಾ ಶಿಲೀಂಧ್ರವೇ ಹೌದೇ ಎಂದು ಸಂದೇಹಿಸುವ ಕೆಲವರು 2014ರಲ್ಲಿ ರೈಜೊಗ್ಲೋಮಸ್ ಎಂಬ ಪರ್ಯಾಯ ಹೆಸರನ್ನು ಸೂಚಿಸಿದರು.

ನಂತರದ ಜೀವನ

1920ರಲ್ಲಿ ಇಂಗ್ಲೆಂಡಿಗೆ ಮರಳಿದ ಬಟ್ಲರ್, ಕ್ಯೂನಲ್ಲಿ ಸ್ಥಾಪನೆಯಾದ ಶಿಲೀಂಧ್ರಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರಾಗಿ 1935ರವರೆಗೆ ಸೇವೆ ಸಲ್ಲಿಸಿದರು. 1926ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಬಿಸ್ಬಿಯವರೊಂದಿಗೆ ಸಿದ್ಧಪಡಿಸಿದ ಭಾರತದ ಶಿಲೀಂಧ್ರಗಳ ಪಟ್ಟಿ 1931ರಲ್ಲಿ ಹೊರಬಂದಿತು. 1939ರಲ್ಲಿ ಸರ್ ಪದವಿ ಲಭಿಸಿತು. ಅವರು ಅಪೂರ್ಣವಾಗಿ ಬಿಟ್ಟುಹೋದ ಸಸ್ಯರೋಗಶಾಸ್ತ್ರದ ಗ್ರಂಥವನ್ನು ಎಸ್. ಜಿ. ಜೋನ್ಸ್ ಪೂರ್ಣಗೊಳಿಸಿ 1949ರಲ್ಲಿ ಪ್ರಕಟಿಸಿದರು.