ಪಂಕ್ತಿಭೇದ ಸಹಿಸದ ಜಾರ್ಜ್

1930ರ ಜೂನ್ 3ರಂದು ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫೆರ್ನಾಂಡಿಸರು ಆರು ಗಂಡುಮಕ್ಕಳಲ್ಲಿ ಜ್ಯೇಷ್ಠರು. ಹದಿನಾರರ ಹರೆಯದಲ್ಲಿ ಮನೆಯವರು ಅವರನ್ನು ಬೆಂಗಳೂರಿನ ಸಂತ ಪೀಟರರ ಸೆಮಿನರಿಗೆ ಕಳುಹಿಸಿದರು. ಗುರುಗಳಿಗೆ ಒಂದು ಬಗೆಯ ಭೋಜನ, ವಿದ್ಯಾರ್ಥಿಗಳಿಗೆ ಇನ್ನೊಂದು ಎಂಬ ಪಂಕ್ತಿಭೇದವನ್ನು ಸಹಿಸಲಾರದೆ ಎರಡೂವರೆ ವರ್ಷಗಳಲ್ಲಿ ಅವರು ಹೊರನಡೆದರು. ಅಂಥದೇ ಊಟದ ಮನೆಯಲ್ಲಿ ಉಂಡು, ತತ್ತ್ವಶಾಸ್ತ್ರ ಓದಿ ಗುರುದೀಕ್ಷೆ ಪಡೆದ ನಮಗೆ ಈ ಕಾರಣ ಕ್ಷುಲ್ಲಕವೆನಿಸದು. ನಾವು ಕಂಡೂ ಸುಮ್ಮನಿದ್ದೆವು.

ಮುಂಬಯಿಯ ಚೌಪಾಟಿಯಲ್ಲಿ ಮಲಗಿ ದಿನ ಕಳೆದ ಈ ತರುಣ, ಹೋಟೆಲು, ಸಾರಿಗೆ ಕಾರ್ಮಿಕರ ನಾಯಕರಾದರು. ಲೋಹಿಯಾರ ಸಮಾಜವಾದವನ್ನು ಒಪ್ಪಿಕೊಂಡರು. 1967ರಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. 1974ರ ಮೇ ತಿಂಗಳಲ್ಲಿ ಅವರ ನಾಯಕತ್ವದಲ್ಲಿ ನಡೆದ ರೈಲ್ವೆ ಮುಷ್ಕರ ದೇಶವನ್ನೇ ನಡುಗಿಸಿತಾದರೂ ಬೇಡಿಕೆ ಈಡೇರದೆ ಮುಗಿಯಿತು. ತುರ್ತು ಪರಿಸ್ಥಿತಿಯಲ್ಲಿ ಅವರು ಭೂಗತರಾದಾಗ ಸಹೋದರ ಲಾರೆನ್ಸರು ಪೊಲೀಸರ ಚಿತ್ರಹಿಂಸೆಗೆ ಗುರಿಯಾದರು. ಬೆಂಗಳೂರಿನ ಸೆರೆಮನೆಯಲ್ಲಿ ನರಳಿದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯ ಬೆನ್ನಿಗೆ 1977ರ ಜನವರಿಯಲ್ಲಿ ಅಸುನೀಗಿದರು. ಜಾರ್ಜರ ಸಾಹಸಕ್ಕೆ ಬೆಲೆ ತೆತ್ತವರಲ್ಲಿ ಇತರರೂ ಇದ್ದರೆಂಬುದನ್ನು ನಾವು ಮರೆಯುವಂತಿಲ್ಲ. ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಿಯಾಗಿ ಸೆರೆಯಲ್ಲಿದ್ದುಕೊಂಡೇ ಅವರು 1977ರಲ್ಲಿ ಬಿಹಾರದ ಮುಜಫ್ಫರಪುರದಿಂದ ಭಾರೀ ಬಹುಮತದಿಂದ ಗೆದ್ದರು.

ಮುಂದಿನ ಕಥೆ ಅಷ್ಟು ಸರಳವಲ್ಲ. 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರಕಾರವನ್ನು ಅದ್ಭುತವಾಗಿ ಸಮರ್ಥಿಸಿದ ಅವರೇ, ಆ ಮಾತಿನ ಕಾವು ಆರುವ ಮುನ್ನ ಅದರಿಂದ ಹೊರಬಂದರು. ಕಾಂಗ್ರೆಸ್ ವಿರೋಧವು ಲೋಹಿಯಾರಿಗೆ ಸಾಧನವಾಗಿತ್ತು. ಜಾರ್ಜರಲ್ಲಿ ಸಾಧನವೇ ಸಾಧ್ಯವಾಗಿಬಿಟ್ಟಿತೆಂಬುದು ನಮ್ಮ ಅಭಿಪ್ರಾಯ. ಭಾರತೀಯ ಜನತಾ ಪಕ್ಷದೊಡನೆ ಅವರ ಮೈತ್ರಿಯನ್ನು ಬೇರೆ ರೀತಿಯಲ್ಲಿ ಅರ್ಥೈಸಲು ನಮಗೆ ಸಾಧ್ಯವಾಗಿಲ್ಲ. 1998ರಿಂದ ರಕ್ಷಣಾ ಸಚಿವರಾಗಿ ಅವರು ಸಿಯಾಚಿನ್ ಹಿಮದಲ್ಲಿರುವ ಯೋಧರನ್ನು ಪದೇ ಪದೇ ಕಂಡುಬಂದರು. ಶವಪೆಟ್ಟಿಗೆ ಖರೀದಿಯ ಆರೋಪ ಅವರ ಮೇಲೆ ನಿಲ್ಲಲಿಲ್ಲ.

ಆದರೆ 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವಕ ಗ್ರಹಾಂ ಸ್ಟೇನ್ಸರನ್ನು ಇಬ್ಬರು ಎಳೆಯ ಗಂಡುಮಕ್ಕಳೊಂದಿಗೆ ಜೀವಂತ ಸುಟ್ಟಾಗ, ಅಲ್ಲಿಗೆ ಹೋದ ಸಚಿವರ ತಂಡದಲ್ಲಿದ್ದ ಜಾರ್ಜರು ಅದರಲ್ಲಿ ಅಂತಾರಾಷ್ಟ್ರೀಯ ಪಿತೂರಿಯನ್ನು ಕಂಡರು. ನಮ್ಮ ಜನ ಆ ದಿನ ಅವರಿಂದ ಬಯಸಿದ್ದು ರಾಜಕೀಯ ವ್ಯಾಖ್ಯಾನವನ್ನಲ್ಲ. ಕ್ರೈಸ್ತರೆಂಬ ಕಾರಣಕ್ಕಾಗಿ ಅವರು ನಮ್ಮ ಪರ ಮಾತಾಡಬೇಕಿತ್ತೆಂದು ನಾವು ಹೇಳುತ್ತಿಲ್ಲ; ಅವರು ಅಂಥ ಹಂಗನ್ನು ಎಂದೂ ಒಪ್ಪಿದವರಲ್ಲ. ಊಟದ ಮನೆಯ ತಾರತಮ್ಯಕ್ಕೆ ಕನಲಿದ ಹುಡುಗ ಅಲ್ಲಿ ಕಾಣಲಿಲ್ಲವೆಂಬುದೇ ನಮ್ಮ ನೋವು. 2002ರ ಗುಜರಾತಿನ ಹಿಂಸೆಯ ಕುರಿತ ಚರ್ಚೆಯಲ್ಲಿಯೂ ಅವನು ಕಾಣಲಿಲ್ಲ.

ಇಷ್ಟಾದರೂ ಶಕ್ತಿನಗರದ ನಮ್ಮ ಕುಟುಂಬಗಳು ಮುಂಬಯಿಯ ಬಂಧುಗಳನ್ನು ಕಾಣಲು ರೈಲು ಹತ್ತುವಾಗ ಅವರ ಋಣವನ್ನು ಅಲ್ಲಗಳೆಯಲಾಗದು. 1990ರಲ್ಲಿ ರೈಲ್ವೆ ಸಚಿವರಾಗಿದ್ದ ಅವರ ಒತ್ತಾಸೆಯಿಂದಲೇ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ರೋಹಾದಿಂದ ನಮ್ಮ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರ್ ಹಳಿ 1998ರಲ್ಲಿ ಪೂರ್ಣಗೊಂಡಿತು. ಘಟ್ಟ ಸುತ್ತಿ ಎರಡು ರಾತ್ರಿ ಬಸ್ಸಿನಲ್ಲಿ ಕುಳಿತವರಿಗೆ ಅದರ ಬೆಲೆ ಗೊತ್ತು.

ಕೊನೆಯ ವರ್ಷಗಳಲ್ಲಿ ಮರೆವಿನ ರೋಗ ಅವರ ಸ್ಮೃತಿಯನ್ನು ಕಸಿದುಕೊಂಡಿತು. 2019ರ ಜನವರಿ 29ರಂದು ದೆಹಲಿಯಲ್ಲಿ ನಿಧನರಾದರು. ದೇಹಕ್ಕೆ ಅಗ್ನಿಸಂಸ್ಕಾರವಾಯಿತು, ಚಿತಾಭಸ್ಮವನ್ನು ಅಲ್ಲಿನ ಕ್ರೈಸ್ತರ ಸ್ಮಶಾನದಲ್ಲಿ ಹೂಳಲಾಯಿತು.