ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಹೆತ್ತವರ ಮಡಿಲಿನಲ್ಲಿ ಬೆಳೆಯುವ ಭಾಗ್ಯ ಎಲ್ಲ ಮಕ್ಕಳಿಗೂ ಲಭಿಸುವುದಿಲ್ಲ. ಸಾವು, ಬಡತನ, ರೋಗ ಮೊದಲಾದ ಕಾರಣಗಳಿಂದ ಎಳೆಯ ವಯಸ್ಸಿನಲ್ಲಿಯೇ ಆಸರೆ ತಪ್ಪಿದ ಮಕ್ಕಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅಂಥವರನ್ನು ಕೆಲವೊಮ್ಮೆ ಬಂಧುಗಳು ಸಾಕುತ್ತಾರೆ. ಕೆಲವೊಮ್ಮೆ ಮಠಗಳು, ಗುರುಗಳು, ಆಶ್ರಮಗಳು ಕೈಹಿಡಿಯುತ್ತವೆ. ಹೀಗೆ ಪರರ ಪೋಷಣೆಯಲ್ಲಿ ಬೆಳೆದು, ಮುಂದೆ ತಾವೇ ಅನೇಕ ಮಕ್ಕಳ ಪೋಷಕರಾದ ಮಹನೀಯರು ಗದುಗಿನ ಪಂಚಾಕ್ಷರಿ ಗವಾಯಿಗಳು.

ಅವರು ಜನಿಸಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಗದಿಗೆಯ್ಯನಿಗೂ ಅವನ ಸೋದರ ಗುರುಬಸಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಬಡವರ ಮನೆಯಲ್ಲಿ ಹುಟ್ಟಿದ ಅಂಧ ಮಕ್ಕಳಿಗೆ ಅಂದಿನ ಸಮಾಜದಲ್ಲಿ ಓದಾಗಲಿ ಉದ್ಯೋಗವಾಗಲಿ ದೊರೆಯುವುದು ದುರ್ಲಭವಾಗಿತ್ತು. ಭಿಕ್ಷಾಪಾತ್ರೆಯೇ ಅನೇಕರ ಗತಿಯಾಗುತ್ತಿತ್ತು. ತಾವು ಕಣ್ಮುಚ್ಚಿದ ಮೇಲೆ ಈ ಮಕ್ಕಳ ಪಾಡೇನು ಎಂಬ ಚಿಂತೆ ಅಂಥ ತಂದೆತಾಯಿಗಳನ್ನು ಕಾಡುವುದು ಸಹಜವೇ ಆಗಿತ್ತು.

ಆದರೆ ಈ ಬಾಲಕರಿಗೆ ಮಧುರವಾದ ಕಂಠವಿತ್ತು. ಅವರ ಹಾಡನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರಲ್ಲಿ ಅಡಗಿದ್ದ ಶಕ್ತಿಯನ್ನು ಗುರುತಿಸಿದರು. ಹೆತ್ತವರನ್ನು ಒಪ್ಪಿಸಿ, ಸೋದರರಿಬ್ಬರನ್ನೂ ಜೊತೆಯಾಗಿಯೇ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅನ್ನವಸ್ತ್ರಗಳನ್ನು ಕೊಟ್ಟರೆ ಮಕ್ಕಳ ಪೋಷಣೆ ಮುಗಿಯಿತೆಂದು ಸ್ವಾಮಿಗಳು ಭಾವಿಸಲಿಲ್ಲ. ತಮ್ಮ ಕಾಲ ಮೇಲೆ ತಾವು ನಿಲ್ಲುವ ವಿದ್ಯೆಯನ್ನೂ ಕೊಡಬೇಕೆಂದು ಅವರಿಗೆ ಸಂಗೀತ ಶಿಕ್ಷಣವನ್ನು ಏರ್ಪಡಿಸಿದರು. ದುರ್ದೈವದಿಂದ ಗುರುಬಸಯ್ಯ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಕತ್ತಲಿನ ಬಾಳಿನಲ್ಲಿ ಜೊತೆಗಿದ್ದ ಒಡಹುಟ್ಟಿದವನನ್ನು ಕಳೆದುಕೊಂಡ ಗದಿಗೆಯ್ಯನಿಗೆ ಗುರುವಿನ ವಾತ್ಸಲ್ಯವೂ ಸಂಗೀತವೂ ಆಧಾರವಾದವು.

ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತನು. ಹಿಂದೂಸ್ತಾನಿ ಸಂಗೀತವನ್ನು ನೀಲಕಂಠ ಬುವಾ ಮಿರಜಕರ, ವಹೀದ್ ಖಾನ್ ಮೊದಲಾದ ವಿದ್ವಾಂಸರಿಂದ ಸಂಪಾದಿಸಿದನು. ಹೀಗೆ ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಗಳಿಸಿ, ವಾದ್ಯಗಳಲ್ಲಿಯೂ ಪರಿಶ್ರಮ ಪಡೆದು, ಪಂಚಾಕ್ಷರಿ ಗವಾಯಿ ಎಂದು ಪ್ರಖ್ಯಾತನಾದನು.

ಇಷ್ಟು ವಿದ್ಯೆಯಿದ್ದವರು ಹಣವನ್ನೂ ಕೀರ್ತಿಯನ್ನೂ ಅರಸಿ ಹೋಗಬಹುದಾಗಿತ್ತು. ಆದರೆ ಅಂಧರಿಗೂ ಅನಾಥರಿಗೂ ಸಂಗೀತವನ್ನು ಕಲಿಸಬೇಕೆಂಬುದು ಕುಮಾರಸ್ವಾಮಿಗಳ ಆಣತಿಯಾಗಿತ್ತು. ಗವಾಯಿಗಳು ಅದನ್ನು ಜೀವನದ ವ್ರತವಾಗಿ ಸ್ವೀಕರಿಸಿದರು. ಬ್ರಹ್ಮಚಾರಿಯಾಗಿಯೇ ಉಳಿದು, ಶಿಷ್ಯರನ್ನೇ ಮಕ್ಕಳೆಂದು ಬಗೆದರು. ಅವರ ಪಾಠಶಾಲೆಗೆ ಮೊದಲು ನೆಲೆಯಾದ ಕಟ್ಟಡವಿರಲಿಲ್ಲ. ಗುರುಶಿಷ್ಯರು ಊರಿಂದ ಊರಿಗೆ ಸಂಚರಿಸುತ್ತಿದ್ದರು. ಹೋದಲ್ಲಿ ಹಾಡುವುದು, ಭಕ್ತರು ನೀಡಿದುದನ್ನು ಎಲ್ಲರೂ ಹಂಚಿಕೊಂಡು ಉಣ್ಣುವುದು, ಉಳಿದ ವೇಳೆಯಲ್ಲಿ ಪಾಠ, ಇದು ಅವರ ದಿನಚರಿ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದಾಗ ಗವಾಯಿಗಳ ಬೆನ್ನಿಗಿದ್ದ ದೊಡ್ಡ ಆಸರೆಯೇ ತಪ್ಪಿತು. ಆದರೂ ನಂಬಿ ಬಂದ ಮಕ್ಕಳನ್ನು ಅವರು ಕೈಬಿಡಲಿಲ್ಲ. ಮುಂದೆ ಗದುಗಿನ ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ನೆರವಾದರು. ಅವರ ಹೆಸರಿನಿಂದಲೇ ಅಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು.

ಆ ಆಸರೆಗೆ ಬಂದ ಮಕ್ಕಳ ಕಥೆ ಒಂದೊಂದು ಬಗೆಯದು. ಹಾವೇರಿ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟಯ್ಯನು ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡನು. ಮೊದಲು ಸೋದರಮಾವನ ಆರೈಕೆಯಲ್ಲಿದ್ದು, ಬಳಿಕ ಗವಾಯಿಗಳ ಬಳಿಗೆ ಬಂದನು. ಯಲಿವಾಳದ ಬಸವರಾಜ ರಾಜಗುರು ಹದಿಮೂರರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕ. ಅವನಿಗೆ ಕಣ್ಣಿತ್ತು, ಕಂಠವಿತ್ತು. ದಾರಿ ತೋರುವವರು ಬೇಕಾಗಿತ್ತು. ಗವಾಯಿಗಳು ಅವನನ್ನೂ ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ, ತರುಣ ರಾಜಗುರು ಮಹಾಸಭೆಯಲ್ಲಿ ಹಾಡಿದರು. ಆಗ ತಬಲಾ ನುಡಿಸಿದವರು ಸ್ವತಃ ಗುರುಗಳೇ! ಶಿಷ್ಯನನ್ನು ಮುಂದೆ ಕೂರಿಸಿ ತಾವು ಪಕ್ಕದಲ್ಲಿ ಕುಳಿತು ತಾಳ ಹಿಡಿದ ಆ ದೃಶ್ಯದಲ್ಲಿ ಗವಾಯಿಗಳ ಬಾಳಿನ ತತ್ತ್ವವೇ ಮೂಡಿದಂತಿದೆ.

1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಅವರು ಆಸ್ತಿಯನ್ನು ಕೂಡಿಟ್ಟಿರಲಿಲ್ಲ. ಆದರೆ ಆಶ್ರಮ ಅನಾಥವಾಗಲಿಲ್ಲ. ಅಂದಿನ ಪುಟ್ಟಯ್ಯನೇ ಪುಟ್ಟರಾಜ ಗವಾಯಿಗಳಾಗಿ ಆ ಹೊಣೆಯನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ನಿರ್ವಹಿಸಿದರು. ಸಾಕಿದ ಕೈ ಸೋತಾಗ, ಸಾಕಿಸಿಕೊಂಡ ಕೈ ಮುಂದೆ ಬಂದಿತು.

ಆಸರೆ ತಪ್ಪಿದ ಮಕ್ಕಳ ಪೋಷಣೆ ಈಗ ದಾನಿಗಳ ದಯೆಗೆ ಮಾತ್ರ ಬಿಟ್ಟ ವಿಷಯವಲ್ಲ. 2015ರ ಬಾಲನ್ಯಾಯ ಕಾಯ್ದೆಯು ಇಂಥ ಮಕ್ಕಳಿಗೆ ಹಲವು ದಾರಿಗಳನ್ನು ತೋರಿಸುತ್ತದೆ. ಮಗುವನ್ನು ಶಾಶ್ವತವಾಗಿ ತಮ್ಮದಾಗಿಸಿಕೊಳ್ಳುವುದು ದತ್ತು. ಹೆತ್ತವರ ಸಂಬಂಧ ಕಡಿಯದೆ, ಮಗುವನ್ನು ಕೆಲವು ಕಾಲ ಬೇರೊಂದು ಕುಟುಂಬದಲ್ಲಿರಿಸಿ ಬೆಳೆಸುವುದು ಪೋಷಕತ್ವ. ಹಲವು ಮಕ್ಕಳನ್ನು ಮನೆಯ ವಾತಾವರಣದಲ್ಲಿ ಒಟ್ಟಿಗೆ ಸಾಕುವುದು ಸಾಮೂಹಿಕ ಪೋಷಕತ್ವ. ಮಗು ತನ್ನ ಮನೆಯಲ್ಲಿಯೇ ಇರುವಂತೆ ಧನಸಹಾಯ ನೀಡುವುದು ಪ್ರಾಯೋಜಕತ್ವ. ಪೋಷಕ ಕುಟುಂಬವು ಮಗುವಿನ ಆಹಾರ, ಆರೋಗ್ಯ, ಶಿಕ್ಷಣಗಳಿಗೆ ಹೊಣೆಯಾಗಬೇಕು. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಟ್ಟಿಗೆ ಇರಿಸಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಕಾಡಶೆಟ್ಟಿಹಳ್ಳಿಯ ಸೋದರರಿಬ್ಬರನ್ನೂ ಅಗಲಿಸದೆ ಕರೆದೊಯ್ದು ವಿದ್ಯೆ ಕೊಡಿಸಿದ ಕುಮಾರಸ್ವಾಮಿಗಳು, ಕಾಯ್ದೆಯಿಲ್ಲದ ಕಾಲದಲ್ಲಿ ಅಂತಃಕರಣದಿಂದಲೇ ಈ ಧರ್ಮವನ್ನು ಪಾಲಿಸಿದ್ದರು.

ಕಾಯ್ದೆಯು ದಾರಿಯನ್ನು ತೋರಿಸಬಲ್ಲುದು. ಆ ದಾರಿಯಲ್ಲಿ ಮಗುವಿನ ಕೈಹಿಡಿದು ನಡೆಯುವವರು ಮನುಷ್ಯರೇ ಆಗಬೇಕು. ಮಗುವಿಗೆ ಕೊಡುವ ಆಸರೆ ಯಾವ ಬಗೆಯದೇ ಆಗಿರಲಿ, ಅದು ಮಗುವನ್ನು ಸದಾ ಆಶ್ರಿತನನ್ನಾಗಿ ಉಳಿಸದೆ, ಇತರರಿಗೆ ಆಸರೆಯಾಗಬಲ್ಲ ವ್ಯಕ್ತಿಯನ್ನಾಗಿ ಬೆಳೆಸಿದಾಗಲೇ ಸಾರ್ಥಕ. ಪಂಚಾಕ್ಷರಿ ಗವಾಯಿಗಳ ಬದುಕು ಇದಕ್ಕೆ ಉಜ್ವಲವಾದ ನಿದರ್ಶನವಾಗಿದೆ.